ಮಿದುಳಿನ ಕಾಯಿಲೆ ಇರುವವರನ್ನು ಸಂಶೋಧನೆಯ ಜೊತೆಗಾರರನ್ನಾಗಿ ಮಾಡಿಕೊಳ್ಳುವುದು ಹೇಗೆ? ಸಮಗ್ರ ಮಾರ್ಗದರ್ಶಿ

ತಲೆಗೆ ಬಿಸಿನೀರು ಹುಯ್ದುಕೊಂಡಾಗ ಫಿಟ್ಸ್ ಬರುವ ಒಂದು ಕಾಯಿಲೆ ಇದೆ. ಜಗತ್ತಿನ ಬಹುಪಾಲು ಕಡೆ ಅಪರೂಪ. ಆದರೆ ದಕ್ಷಿಣ ಕರ್ನಾಟಕದಲ್ಲಿ ಸಾಕಷ್ಟು ಜನರಿಗೆ ಇದೆ. ಬೆಂಗಳೂರಿನ ನರರೋಗ ತಜ್ಞರಾದ ಕೆ.ಎಸ್. ಮಣಿ, ಪಿ. ಸತೀಶ್‌ಚಂದ್ರ ಮುಂತಾದವರು ವರ್ಷಗಟ್ಟಲೆ ಇದರ ಬೆನ್ನು ಹತ್ತಿ ಲೋಕಕ್ಕೆ ತಿಳಿಸಿದರು. ಈ ಕಾಯಿಲೆಯ ಗುಟ್ಟು ಇರುವುದು ಬಚ್ಚಲುಮನೆಯಲ್ಲಿ. ನೀರು ಎಷ್ಟು ಕಾದಿತ್ತು? ಎಷ್ಟು ಚೊಂಬು ಹುಯ್ದಿರಿ? ಒಂದರ ಹಿಂದೆ ಒಂದು ಬಡಬಡ ಅಂತ ಹುಯ್ದಿರಾ? ತಲೆಗಾ, ಬರೀ ಮೈಗಾ? ಇದನ್ನು ಹೇಳಬಲ್ಲವರು ರೋಗಿ ಮತ್ತು ಮನೆಯವರು ಮಾತ್ರ. ಪರಿಹಾರವೂ ಬಚ್ಚಲಿಗೆ ತಕ್ಕದ್ದೇ: ನೀರಿನ ಬಿಸಿ ಇಳಿಸುವುದು, ಕೆಲವರಿಗೆ ವೈದ್ಯರ ಸಲಹೆಯಂತೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೋಬಜಾಮ್ ಎಂಬ ಫಿಟ್ಸ್ ತಡೆಯುವ ಮಾತ್ರೆ.

ಮಿದುಳಿನ ಕಾಯಿಲೆಗಳಲ್ಲಿ ಸ್ಕ್ಯಾನ್‌ಗೆ ಕಾಣದ ಇಂಥ ಎಷ್ಟೋ ಸಂಗತಿ ಇರುತ್ತದೆ. ಅದು ಕಾಯಿಲೆಯ ಜೊತೆ ದಿನ ದೂಡುವವರ ಹತ್ತಿರ ಇರುತ್ತದೆ. ಅದನ್ನು ಕೇಳಿಸಿಕೊಳ್ಳುವ ದಾರಿ ಹೇಗೆ ಅನ್ನುವುದೇ ಈ ಬರಹ. ಆರೋಗ್ಯ ಸಂಶೋಧನೆ ಮಾಡುವ ವಿದ್ಯಾರ್ಥಿಗಳು, ವೈದ್ಯರು, ಆ್ಯಪ್ ಅಥವಾ ಉಪಕರಣ ಮಾಡುವ ಎಂಜಿನಿಯರ್‌ಗಳು, ಜೊತೆಗೆ ತಮ್ಮನ್ನು ಕರೆದಾಗ ಏನು ಕೇಳಬೇಕು ಎಂದು ತಿಳಿಯಬೇಕಾದ ರೋಗಿಗಳು ಮತ್ತು ಮನೆಯವರು, ಎಲ್ಲರಿಗಾಗಿ ಬರೆದಿದ್ದೇನೆ.

ನಾನು ಈ ವಿಷಯಕ್ಕೆ ಬಂದದ್ದು ನಮ್ಮಪ್ಪನಿಂದ. ಅವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಮಾತೂ ನಿಂತಿತು. ಆಮೇಲೆ ಒಂದು ಅಧ್ಯಯನದವರು ಮನೆಗೆ ಬಂದರು. ಎರಡು ಗಂಟೆ ಪ್ರಶ್ನೆ ಕೇಳಿದರು. ಎಲ್ಲವನ್ನೂ ನನ್ನನ್ನೇ ಕೇಳಿದರು. ಅಪ್ಪ ಪಕ್ಕದಲ್ಲೇ ಕೂತಿದ್ದರು. ನಡೆಯುತ್ತಾರಾ, ಉಣ್ಣುತ್ತಾರಾ, ಸ್ನಾನ ಮಾಡುತ್ತಾರಾ, ಎಲ್ಲ ಕೇಳಿದರು. ಆಮೇಲೊಂದು ದಿನ ನಾನು ಕೆಲವು ಚಿತ್ರಗಳನ್ನು ಮುಂದಿಟ್ಟು "ಯಾವುದು ಕಷ್ಟ ಆಗ್ತಿದೆ ಅಪ್ಪ?" ಅಂದೆ. ಅವರು ಸುಮಾರು ಹೊತ್ತು ನೋಡಿ ಪತ್ರಿಕೆಯ ಚಿತ್ರದ ಮೇಲೆ ಎಡಗೈ ಬೆರಳಿಟ್ಟರು. ಅಕ್ಷರಗಳು ಅವರಿಗೆ ಕಾಣುತ್ತಿದ್ದವು, ಅರ್ಥ ಆಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಪತ್ರಿಕೆ ಓದುತ್ತಿದ್ದ ಮನುಷ್ಯ. ಆ ಉದ್ದದ ಪ್ರಶ್ನಾವಳಿಯಲ್ಲಿ ಓದಿನ ಬಗ್ಗೆ ಒಂದೇ ಒಂದು ಪ್ರಶ್ನೆ ಇರಲಿಲ್ಲ.

ಮೊದಲು ಎರಡು ಪಾತ್ರಗಳನ್ನು ಬೇರೆ ಮಾಡಿಕೊಳ್ಳಿ

ಅಧ್ಯಯನಕ್ಕೆ ರಕ್ತ ಕೊಡುವವರು, ಸ್ಕ್ಯಾನ್ ಮಾಡಿಸಿಕೊಳ್ಳುವವರು, ಮಾತ್ರೆ ನುಂಗುವವರು, ಪ್ರಶ್ನೆಗೆ ಉತ್ತರಿಸುವವರು 'ಭಾಗವಹಿಸುವವರು'. ಯಾವ ಪ್ರಶ್ನೆ ಕೇಳಬೇಕು, ಈ ಫಾರಂ ಅರ್ಥ ಆಗುತ್ತದಾ, ಈ ಫಲಿತಾಂಶ ನಮಗೆ ಉಪಯೋಗವಾ ಎಂದು ನಿಮ್ಮ ಪಕ್ಕ ಕೂತು ಹೇಳುವವರು 'ಜೊತೆಗಾರರು'. ಒಬ್ಬರೇ ಎರಡೂ ಆಗಬಹುದು. ಆದರೆ ಯಾವಾಗ ಯಾವ ಪಾತ್ರ ಎಂಬುದು ಅವರಿಗೂ ನಿಮಗೂ ಗೊತ್ತಿರಬೇಕು. ಇಲ್ಲದಿದ್ದರೆ ಸಲಹೆ ಕೇಳಲು ಕರೆದು ಪರೀಕ್ಷೆ ಮಾಡಿ ಕಳಿಸಿದ ಹಾಗಾಗುತ್ತದೆ. ಈ ಮಾರ್ಗದರ್ಶಿ ಹೆಚ್ಚಾಗಿ ಜೊತೆಗಾರರ ಬಗ್ಗೆ.

ಹೆಜ್ಜೆ 1: ಪ್ರಶ್ನೆ ಗಟ್ಟಿಯಾಗುವ ಮುಂಚೆಯೇ ಕರೆಯಿರಿ

ಹಣ ಮಂಜೂರಾಗಿ, ಯೋಜನೆ ಅಚ್ಚಾಗಿ, ಕೊನೆಗೆ "ರೋಗಿಗಳ ಅಭಿಪ್ರಾಯವನ್ನೂ ಸೇರಿಸೋಣ" ಅಂದರೆ ತಡವಾಯಿತು. ಆಗ ಅವರು ಬದಲಿಸಬಹುದಾದದ್ದು ಫಾರಂನ ಅಕ್ಷರದ ಗಾತ್ರ ಮಾತ್ರ.

ಬೇಗ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಒಂದು ಉದಾಹರಣೆ ನನಗೆ ಬಹಳ ಇಷ್ಟ. ಅಲ್ಲಿ 2004ರಲ್ಲಿ ಜೇಮ್ಸ್ ಲಿಂಡ್ ಅಲಯನ್ಸ್ ಎಂಬ ವ್ಯವಸ್ಥೆ ಶುರುವಾಯಿತು. ರೋಗಿಗಳು, ಮನೆಯಲ್ಲಿ ನೋಡಿಕೊಳ್ಳುವವರು, ವೈದ್ಯರು ಒಟ್ಟಿಗೆ ಕೂತು ಯಾವ ಪ್ರಶ್ನೆಗೆ ಮೊದಲು ಉತ್ತರ ಹುಡುಕಬೇಕು ಎಂದು ಪಟ್ಟಿ ಮಾಡುತ್ತಾರೆ. ಪಾರ್ಕಿನ್ಸನ್ ಕಾಯಿಲೆಯ ಪಟ್ಟಿ 2014ರಲ್ಲಿ ಬಂತು. ಪಾರ್ಕಿನ್ಸನ್ ಅಂದರೆ ನಮಗೆಲ್ಲ ನೆನಪಾಗುವುದು ಕೈ ನಡುಕ, ಅಲ್ವಾ? ಪಟ್ಟಿಯ ಮೊದಲ ಸ್ಥಾನದಲ್ಲಿದ್ದದ್ದು ತೂಕ ತಪ್ಪಿ ಬೀಳುವುದು. ಸ್ಕಾಟ್ಲೆಂಡಿನಲ್ಲಿ ಸ್ಟ್ರೋಕ್ (ಲಕ್ವ) ಆದವರ ಜೊತೆ ಹೀಗೇ ಪಟ್ಟಿ ಮಾಡಿದಾಗ ಮೊದಲು ಬಂದದ್ದು ಯೋಚನೆ ಮತ್ತು ನೆನಪಿನ ಶಕ್ತಿಯನ್ನು ಸುಧಾರಿಸುವುದು ಹೇಗೆ ಎಂಬ ಪ್ರಶ್ನೆ. ಮಾತು ಹೋಗುವುದು, ತೀರದ ಆಯಾಸ ಕೂಡ ಮೊದಲ ಹತ್ತರಲ್ಲಿದ್ದವು. ಹೊರಗಿನಿಂದ ನೋಡುವವರಿಗೆ ಕಾಣುವುದು ಬಿದ್ದ ಕೈಕಾಲು.

ಇಷ್ಟು ದೊಡ್ಡ ಏರ್ಪಾಟು ಎಲ್ಲರಿಗೂ ಆಗುವುದಿಲ್ಲ. ಹತ್ತು ಜನರಿಂದ ಶುರು ಮಾಡಿ. "ಯಾವ ವಿಷಯದ ಮೇಲೆ ಸಂಶೋಧನೆ ಆಗಬೇಕು?" ಎಂದು ಕೇಳಬೇಡಿ. ಆ ಪ್ರಶ್ನೆಗೆ ಜನ "ನೀವು ಓದಿದವರು, ನಿಮಗೇ ಗೊತ್ತಲ್ಲ" ಅಂದುಬಿಡುತ್ತಾರೆ. ಹೀಗೆ ಕೇಳಿ: "ಬೆಳಿಗ್ಗೆ ಎದ್ದಾಗಿಂದ ರಾತ್ರಿ ಮಲಗುವವರೆಗೆ ಯಾವ ಹೊತ್ತು ಅತಿ ಕಷ್ಟ?" "ಈ ಕಾಯಿಲೆಯಿಂದ ನೀವು ಬಿಟ್ಟುಬಿಟ್ಟ ಕೆಲಸ ಯಾವುದು?" "ಡಾಕ್ಟರ ಹತ್ತಿರ ಹೇಳಲು ಸಂಕೋಚ ಆದದ್ದು ಏನಾದರೂ ಇದೆಯಾ?" ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. "ತಲೆ ಒಳಗೆ ಜೇನು ಎದ್ದ ಹಾಗೆ" ಅಂದರೆ ಹಾಗೇ ಬರೆಯಿರಿ. ಅದನ್ನು 'ತಲೆಸುತ್ತು' ಎಂದು ತಿದ್ದಿದರೆ ಇದ್ದ ವಿಷಯ ಕಳೆದುಹೋಗುತ್ತದೆ.

ಹೆಜ್ಜೆ 2: ಯಾರನ್ನು ಕರೆಯಬೇಕು, ಯಾರ ಮೂಲಕ

ಸುಲಭವಾಗಿ ಸಿಗುವವರು ಯಾರು? ನಗರದವರು, ಇಂಗ್ಲಿಷ್ ಬಲ್ಲವರು, ಕಾರಿನಲ್ಲಿ ಬರುವವರು, ಕಾಯಿಲೆ ಇನ್ನೂ ಶುರುವಿನ ಹಂತದಲ್ಲಿ ಇರುವವರು. ಅವರೂ ಬೇಕು. ಅವರಷ್ಟೇ ಇದ್ದರೆ ಸಾಲದು. ಹೊಲದ ಕೆಲಸ ಮಾಡುವ ಹೆಂಗಸಿಗೆ ಫಿಟ್ಸ್ ಇದ್ದರೆ ಅವರ ಭಯ ಬೇರೆ: ಒಲೆ, ಬಾವಿ, ಕೆರೆ ದಂಡೆ.

ಹುಡುಕುವ ದಾರಿಗಳು ಹಲವು ಇವೆ. ಆಶಾ ಕಾರ್ಯಕರ್ತೆಯರಿಗೆ ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂಬುದು ಗೊತ್ತಿರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ಫಿಸಿಯೋಥೆರಪಿ ಕೋಣೆ, ರೋಗಿಗಳ ಸ್ವಸಹಾಯ ಗುಂಪುಗಳು ಇನ್ನು ಕೆಲವು. ಮಾತು ಹೋದವರನ್ನು ತಲುಪಬೇಕಾದರೆ ಸ್ಪೀಚ್ ಥೆರಪಿಸ್ಟ್‌ಗಳನ್ನು ಕೇಳಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿತವರು ರಾಜ್ಯದಲ್ಲೆಲ್ಲ ಇದ್ದಾರೆ.

ಚಿಕಿತ್ಸೆ ಕೊಡುವ ವೈದ್ಯರೇ ನೇರವಾಗಿ ಕೇಳದಿದ್ದರೆ ಒಳ್ಳೆಯದು. "ಇಲ್ಲ ಅಂದರೆ ನಾಳೆ ಚೆನ್ನಾಗಿ ನೋಡದೆ ಹೋದರೆ?" ಎಂಬ ಅಳುಕು ರೋಗಿಗೆ ಇದ್ದೇ ಇರುತ್ತದೆ. ವೈದ್ಯರು ಚೀಟಿ ಕೊಡಲಿ. ವಿವರಿಸುವುದು, ಒಪ್ಪಿಗೆ ಕೇಳುವುದು ಬೇರೆಯವರ ಕೆಲಸವಾಗಲಿ.

ಒಬ್ಬರನ್ನೇ ಕರೆದು ಹತ್ತು ಪದವೀಧರರ ನಡುವೆ ಕೂರಿಸಬೇಡಿ. ಕನಿಷ್ಠ ಮೂರು ಜನ ಇರಲಿ. ಒಬ್ಬರು ಬಾಯಿ ಬಿಟ್ಟರೆ ಇನ್ನೊಬ್ಬರಿಗೂ ಧೈರ್ಯ ಬರುತ್ತದೆ. ಒಬ್ಬರಿಗೆ ಹುಷಾರಿಲ್ಲದ ದಿನವೂ ಸಭೆ ನಡೆಯುತ್ತದೆ.

ಇನ್ನೊಂದು ಮಾತು. ರೋಗಿಯ ದನಿ ಮತ್ತು ನೋಡಿಕೊಳ್ಳುವವರ ದನಿ ಒಂದೇ ಅಲ್ಲ. ಮಗಳಿಗೆ ಬೇಕಾದದ್ದು ಅಮ್ಮ ಬಾಗಿಲು ತೆಗೆದು ಹೊರಗೆ ಹೋಗದಿರುವುದು. ಅಮ್ಮನಿಗೆ ಬೇಕಾದದ್ದು ಸಂಜೆ ಹೊತ್ತು ದೇವಸ್ಥಾನಕ್ಕೆ ಹೋಗುವುದು. ಇಬ್ಬರದ್ದೂ ನಿಜ. ಇಬ್ಬರ ಜೊತೆಯೂ ಬೇರೆ ಬೇರೆ ಮಾತಾಡಲು ಸಮಯ ಇಡಿ.

ಕರೆಯುವ ರೀತಿಯಲ್ಲೂ ಜೋಪಾನ ಬೇಕು. ಮೂರ್ಛೆರೋಗ ಇದೆ ಎಂಬುದನ್ನು ಎಷ್ಟೋ ಮನೆಗಳಲ್ಲಿ ಮದುವೆಗೆ ಅಡ್ಡಿಯಾದೀತು ಎಂದು ಇಂದಿಗೂ ಮುಚ್ಚಿಡುತ್ತಾರೆ. ಮೂರ್ಛೆರೋಗ ಮದುವೆಗೆ ಅಡ್ಡಿ ಎಂದು ಹಿಂದೂ ವಿವಾಹ ಕಾಯ್ದೆಯಲ್ಲಿದ್ದ ಮಾತನ್ನೇ 1999ರ ತಿದ್ದುಪಡಿಯಲ್ಲಿ ತೆಗೆದುಹಾಕಿದ್ದಾರೆ. ಜನರ ಮನಸ್ಸಿನಿಂದ ಅದಿನ್ನೂ ಪೂರ್ತಿ ಹೋಗಿಲ್ಲ. ಹಾಗಾಗಿ ಲಕೋಟೆಯ ಮೇಲೆ ಕಾಯಿಲೆಯ ಹೆಸರು ಬೇಡ. ಫೋನನ್ನು ಬೇರೆಯವರು ಎತ್ತಿದರೆ ಕಾರಣ ಹೇಳಬೇಡಿ. ಹಳ್ಳಿಗೆ ಹೋದರೆ ಬೋರ್ಡ್ ಅಂಟಿಸಿದ ಜೀಪನ್ನು ಮನೆ ಮುಂದೆ ನಿಲ್ಲಿಸಬೇಡಿ.

ಹೆಜ್ಜೆ 3: ಅನುಮತಿ ಮತ್ತು ಒಪ್ಪಿಗೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, ಅಂದರೆ ಐಸಿಎಂಆರ್‌ನ, 2017ರ ನೈತಿಕ ಮಾರ್ಗಸೂಚಿ ಇಲ್ಲಿ ಮೂಲ ದಾಖಲೆ. ಅಧ್ಯಯನ ಶುರುವಾಗುವ ಮುಂಚೆ ಎಥಿಕ್ಸ್ ಕಮಿಟಿ, ಅಂದರೆ ಸಂಶೋಧನೆಯ ನೀತಿ-ನಿಯಮ ನೋಡುವ ಸಮಿತಿ, ಒಪ್ಪಬೇಕು. ಆ ಸಮಿತಿಯಲ್ಲಿ ವೈದ್ಯರಲ್ಲದ ಒಬ್ಬ ಸಾಮಾನ್ಯ ವ್ಯಕ್ತಿಯೂ ಇರಬೇಕೆಂಬ ನಿಯಮ ಇದೆ. ಬರೀ ಸಲಹೆ ಪಡೆಯುವ ಸಭೆಗೂ ಅನುಮತಿ ಬೇಕಾ ಎಂಬ ಅನುಮಾನ ಬಂದರೆ ಸಮಿತಿಯ ಕಾರ್ಯದರ್ಶಿಯನ್ನೇ ಮೊದಲು ಕೇಳಿಬಿಡಿ. ಜೊತೆಗಾರರ ಮಾತುಗಳನ್ನು ರೆಕಾರ್ಡ್ ಮಾಡಿ ಮುಂದೆ ಪ್ರಬಂಧದಲ್ಲಿ ಬಳಸುವ ಯೋಚನೆ ಇದ್ದರಂತೂ ಸಭೆಗೆ ಮುಂಚೆಯೇ ಅನುಮತಿ ತೆಗೆದುಕೊಳ್ಳಿ.

ಔಷಧಿ ಅಥವಾ ಉಪಕರಣದ ಕ್ಲಿನಿಕಲ್ ಟ್ರಯಲ್ (ಜನರಲ್ಲಿ ಬಳಸಿ ನೋಡುವ ಪ್ರಯೋಗ) ಆದರೆ ಭಾರತದ ಟ್ರಯಲ್ ನೋಂದಣಿ ವ್ಯವಸ್ಥೆಯಾದ ಸಿಟಿಆರ್‌ಐಯಲ್ಲಿ ಮೊದಲೇ ದಾಖಲಿಸಬೇಕು. 2009ರ ಜೂನ್ 15ರಿಂದ ಇದು ಕಡ್ಡಾಯ. ಅದನ್ನು ಯಾರು ಬೇಕಾದರೂ ಪುಕ್ಕಟೆ ತೆರೆದು ನೋಡಬಹುದು. ಓದುಗರಲ್ಲಿ ರೋಗಿಗಳಿದ್ದರೆ ಇದನ್ನು ನೆನಪಿಡಿ: ಯಾರಾದರೂ ಟ್ರಯಲ್‌ಗೆ ಕರೆದರೆ ನೋಂದಣಿ ಸಂಖ್ಯೆ ಕೇಳುವುದು ನಿಮ್ಮ ಹಕ್ಕು.

ಮಿದುಳಿನ ಕಾಯಿಲೆಯಲ್ಲಿ ಒಪ್ಪಿಗೆಯದೇ ಒಂದು ಸೂಕ್ಷ್ಮ ಇದೆ. ಡಿಮೆನ್ಷಿಯಾ (ನೆನಪು, ಯೋಚನೆಯ ಶಕ್ತಿ ಕುಂದುತ್ತಾ ಹೋಗುವ ಕಾಯಿಲೆ) ಅಂದಕೂಡಲೇ 'ಇವರಿಗೆ ಏನೂ ತಿಳಿಯಲ್ಲ' ಎಂದು ಮಗನ ಸಹಿ ಹಾಕಿಸಿಕೊಳ್ಳುವುದು ದೊಡ್ಡ ತಪ್ಪು. ತಿಳಿವಳಿಕೆ ಪೂರ್ತಿ ಇರುವುದು, ಪೂರ್ತಿ ಇಲ್ಲದಿರುವುದು ಎಂಬ ಎರಡೇ ಸ್ಥಿತಿ ಇಲ್ಲ. ಬೆಳಿಗ್ಗೆ ಅರ್ಥವಾದದ್ದು ಸಂಜೆ ಆಗದೆ ಇರಬಹುದು. ಔಷಧ ಪ್ರಯೋಗದ ಲೆಕ್ಕ ತಿಳಿಯದವರಿಗೆ ಕೂತು ಮಾತಾಡುವ ಸಭೆಗೆ ಬರಲು ಇಷ್ಟವಾ ಎಂಬುದು ಚೆನ್ನಾಗಿ ತಿಳಿಯಬಹುದು. ನಾನು ಸೂಚಿಸುವ ಕ್ರಮ ಇದು: ಒಂದು ಸಲಕ್ಕೆ ಒಂದೇ ವಿಷಯ ಹೇಳಿ. "ನಾನು ಈಗ ಹೇಳಿದ್ದು ನಿಮಗೆ ಹೇಗೆ ತಿಳಿಯಿತು, ನಿಮ್ಮ ಮಾತಲ್ಲಿ ಹೇಳಿ ನೋಡೋಣ" ಎನ್ನಿ. ಮರುದಿನ ಮತ್ತೆ ಕೇಳಿ. ಆಮೇಲೆ ಪ್ರತಿ ಭೇಟಿಯ ಶುರುವಿನಲ್ಲೂ ಕೇಳಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯನ್ನು ಓದಿಕೊಳ್ಳಿ. ತೀರ್ಮಾನಿಸುವ ಶಕ್ತಿಯನ್ನು ಬಹಳ ಕೆಡಿಸುವಂಥ ನೆನಪಿನ, ದಿಕ್ಕು-ಕಾಲದ ಅರಿವಿನ ತೊಂದರೆಗಳೂ ಅದರ ವ್ಯಾಖ್ಯೆಯೊಳಗೆ ಬರುತ್ತವೆ. ಅದರ 99ನೇ ಕಲಂ ಸಂಶೋಧನೆಯ ಬಗ್ಗೆಯೇ ಇದೆ. ಸ್ವಂತ ಒಪ್ಪಿಗೆ ಕೊಡಲಾರದ, ಆದರೆ ವಿರೋಧವನ್ನೂ ತೋರಿಸದ ವ್ಯಕ್ತಿಯನ್ನು ಸೇರಿಸಿಕೊಳ್ಳಬೇಕಾದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಅನುಮತಿ ಬೇಕು. ಅವರ ಪರವಾಗಿ ನೇಮಕವಾದ ಪ್ರತಿನಿಧಿಯ ಒಪ್ಪಿಗೆಯೂ ಬೇಕು. ಒಪ್ಪಿಗೆ ಕೊಡಬಲ್ಲವರ ಮೇಲೆ ಅದೇ ಸಂಶೋಧನೆ ಮಾಡಲು ಆಗುವುದಿಲ್ಲ ಎಂದು ತೋರಿಸಬೇಕು. ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ವಾಪಸ್ ಪಡೆಯಬಹುದು. 'ವಿರೋಧ' ಅಂದರೆ ಬಾಯಿಮಾತೇ ಆಗಬೇಕಿಲ್ಲ. ಮುಖ ತಿರುಗಿಸುವುದು, ಕೈ ಎಳೆದುಕೊಳ್ಳುವುದು, ಎದ್ದು ಬಾಗಿಲ ಕಡೆ ನಡೆಯುವುದು, ಇವೂ "ಬೇಡ" ಎಂದೇ ಲೆಕ್ಕ. ಮನೆಯವರು ಸಹಿ ಹಾಕಿದ್ದರೂ ಅಲ್ಲಿಗೇ ನಿಲ್ಲಿಸಿ.

ಹೊಸ ರಾಸಾಯನಿಕ ಔಷಧದ ಟ್ರಯಲ್‌ನಲ್ಲಿ ದುರ್ಬಲ ಸ್ಥಿತಿಯಲ್ಲಿರುವವರಿಂದ ಒಪ್ಪಿಗೆ ಪಡೆಯುವುದನ್ನು ಆಡಿಯೊ-ವಿಡಿಯೊ ಮಾಡಿ ಇಡಬೇಕು ಎಂದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಹೇಳುತ್ತವೆ. ಕ್ಯಾಮೆರಾ ಯಾಕೆ ಎಂಬುದನ್ನೂ ವಿವರಿಸಿ. ಕ್ಯಾಮೆರಾ ಕಂಡರೆ ಬಹಳ ಜನ ಗಾಬರಿಯಾಗುತ್ತಾರೆ.

ಹೆಜ್ಜೆ 4: ಸಭೆಯನ್ನು ಕಾಯಿಲೆಗೆ ತಕ್ಕಂತೆ ಕಟ್ಟಿ

ನನ್ನ ಪ್ರಕಾರ ಇಡೀ ಕೆಲಸದ ಜೀವ ಇರುವುದು ಇಲ್ಲಿ. "ಎಲ್ಲರಿಗೂ ಸ್ವಾಗತ, ಬೆಳಿಗ್ಗೆ 10ಕ್ಕೆ ಬನ್ನಿ" ಅಂದರೆ ಮಿದುಳಿನ ಕಾಯಿಲೆಗಳಲ್ಲಿ ನಡೆಯುವುದಿಲ್ಲ. ಒಂದೊಂದು ಕಾಯಿಲೆಗೂ ಅದರದೇ ಗಡಿಯಾರ ಇರುತ್ತದೆ.

ಪಾರ್ಕಿನ್ಸನ್ ಇರುವವರಿಗೆ ಲೆವೊಡೋಪಾ ಮಾತ್ರೆ ಕೆಲಸ ಮಾಡುವ ಹೊತ್ತು, ಅದರ ಪ್ರಭಾವ ಇಳಿದ ಹೊತ್ತು ಎಂದು ದಿನ ಭಾಗವಾಗಿರುತ್ತದೆ. ಪ್ರಭಾವ ಇಳಿದಾಗ ಮೈ ಮರಗಟ್ಟಿದ ಹಾಗೆ ಆಗಿ ಕುರ್ಚಿಯಿಂದ ಏಳಲೂ ಕಷ್ಟ. ಮಾತ್ರೆ ಯಾವ ಯಾವ ಹೊತ್ತಿಗೆ ಎಂದು ಮೊದಲೇ ಕೇಳಿ. ಸಭೆಯ ಹೊತ್ತನ್ನು ಅದಕ್ಕೆ ಹೊಂದಿಸಿ. ದನಿ ಮೆಲ್ಲಗಾಗಿರುತ್ತದೆ. ಹಾಗಾಗಿ ಮೈಕ್ ಇಡಿ, ಫ್ಯಾನ್ ಸದ್ದು ಕಡಿಮೆ ಮಾಡಿ. ಮುಖದಲ್ಲಿ ಭಾವ ಕಾಣದಿದ್ದರೆ ಆಸಕ್ತಿ ಇಲ್ಲ ಎಂದು ತಿಳಿಯಬೇಡಿ. ಅದೂ ಕಾಯಿಲೆಯದೇ ಲಕ್ಷಣ. ಕಿರಿದಾದ ಬಾಗಿಲ ಹತ್ತಿರ ಅವರ ಹೆಜ್ಜೆ ಅಂಟಿಕೊಂಡು ನಿಲ್ಲಬಹುದು. ಹಿಂದಿನಿಂದ ಅವಸರ ಮಾಡಬೇಡಿ.

ಮೂರ್ಛೆರೋಗ ಇರುವವರಿಗೆ ನಿದ್ದೆಗೆಟ್ಟರೆ ಫಿಟ್ಸ್ ಬರುವ ಸಾಧ್ಯತೆ ಹೆಚ್ಚು. ರಾಯಚೂರಿನಿಂದಲೋ ಬೀದರ್‌ನಿಂದಲೋ ರಾತ್ರಿ ಬಸ್ಸಿನಲ್ಲಿ ಕರೆಸಿ ಬೆಳಿಗ್ಗೆಯೇ ಸಭೆಗೆ ಕೂರಿಸಿದರೆ ನೀವೇ ತೊಂದರೆ ತಂದಿಟ್ಟ ಹಾಗೆ. ಹಿಂದಿನ ದಿನ ಹಗಲು ಬರಲಿ, ರಾತ್ರಿ ಮಲಗಲಿ. ಇಲ್ಲವೇ ನೀವೇ ಅವರ ಊರಿಗೆ ಹೋಗಿ. ಮಿನುಗುವ ದೀಪ, ಪಟಪಟ ಬದಲಾಗುವ ವಿಡಿಯೊ ಬೇಡ. ಕೋಣೆಯಲ್ಲಿರುವ ಎಲ್ಲರಿಗೂ ಪ್ರಥಮ ಚಿಕಿತ್ಸೆ ಗೊತ್ತಿರಲಿ: ಸುತ್ತಲಿನ ಚೂಪು ವಸ್ತು ಸರಿಸಿ, ತಲೆಯ ಕೆಳಗೆ ಮೆತ್ತನೆಯದು ಇಡಿ, ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನೂ ತುರುಕಬೇಡಿ, ಕೈಗೆ ಬೀಗದ ಕೈ ಅಥವಾ ಕಬ್ಬಿಣ ಕೊಡುವುದರಿಂದ ಉಪಯೋಗವಿಲ್ಲ. 5 ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.

ಸ್ಟ್ರೋಕ್ ಆಗಿ ಮಾತು ಹೋದವರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಸಂಶೋಧನೆಗಳಿಂದ ಮೊದಲು ಹೊರಗುಳಿಯುವವರು ಇವರೇ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಜನರಿಗೆ ಈ ತೊಂದರೆ ಬರುತ್ತದೆ. ಮಾತು ಹೋಗಿದೆ ಅಂದರೆ ಬುದ್ಧಿ ಹೋಗಿದೆ ಎಂದಲ್ಲ. ಎದುರು ಕೂತು, ನಿಧಾನವಾಗಿ, ಮಾಮೂಲಿ ದನಿಯಲ್ಲಿ ಮಾತಾಡಿ. ಅವರಿಗೆ ಕಿವುಡಿಲ್ಲ, ಕೂಗಬೇಕಿಲ್ಲ. 'ಹೌದು', 'ಇಲ್ಲ', 'ಗೊತ್ತಿಲ್ಲ' ಎಂಬ ಮೂರು ಚೀಟಿ ಮುಂದಿಡಿ. ಚಿತ್ರಗಳಿರಲಿ, ಪೆನ್ಸಿಲ್ ಇರಲಿ, ಎಡಗೈಯಲ್ಲಿ ಬರೆಯಲು ದಪ್ಪ ಕಾಗದ ಇರಲಿ. ಕೆಲವರ ಬಾಯಿಂದ 'ಹೂಂ' ಬಿಟ್ಟು ಬೇರೇನೂ ಬರುವುದಿಲ್ಲ, ಬೇಡ ಅನ್ನುವಾಗಲೂ ಹೂಂ ಎಂದೇ ಬರುತ್ತದೆ. ಹಾಗಾಗಿ ಅದೇ ಪ್ರಶ್ನೆಯನ್ನು ತಿರುಗಿಸಿ ಇನ್ನೊಮ್ಮೆ ಕೇಳಿ. ವಾಕ್ಯವನ್ನು ನೀವೇ ಮುಗಿಸುವ ಆಸೆ ಬರುತ್ತದೆ. ತಡೆದುಕೊಳ್ಳಿ. ಅಪ್ಪನ ಒಂದು ಉತ್ತರಕ್ಕಾಗಿ ನಾನು ಕಾಯುತ್ತಿದ್ದಾಗ ಮೂವತ್ತು ಸೆಕೆಂಡು ಎಷ್ಟು ಉದ್ದ ಎಂದು ತಿಳಿಯಿತು. ಆ ಮೂವತ್ತು ಸೆಕೆಂಡು ಕೊಟ್ಟರೆ ಉತ್ತರ ಬರುತ್ತದೆ.

ಡಿಮೆನ್ಷಿಯಾ ಇರುವವರ ಸಭೆ ಬೆಳಗಿನ ಹೊತ್ತು ಇರಲಿ. ಸಂಜೆಯಾಗುತ್ತಾ ಗೊಂದಲ, ಕಳವಳ ಹೆಚ್ಚುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಪ್ರತಿ ಸಲವೂ ಅದೇ ಜಾಗ, ಅದೇ ಕುರ್ಚಿ, ಅದೇ ಮುಖಗಳು ಇರಲಿ. ಎಲ್ಲರ ಎದೆಯ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಹೆಸರಿರಲಿ. "ಹೋದ ಸಲ ಏನು ಮಾತಾಡಿದ್ವಿ, ನೆನಪಿದೆಯಾ?" ಎಂದು ಎಂದೂ ಕೇಳಬೇಡಿ. "ಹೋದ ಸಲ ನೀವು ಔಷಧಿ ಡಬ್ಬಿ ತೆಗೆಯೋದು ಕಷ್ಟ ಅಂದಿದ್ರಿ" ಎಂದು ನೀವೇ ನೆನಪಿಸಿ. ಅಲ್ಜೈಮರ್ ಯುರೋಪ್ ಎಂಬ ಸಂಘಟನೆ 2012ರಲ್ಲಿ ಡಿಮೆನ್ಷಿಯಾ ಇರುವವರದೇ ಒಂದು ಕಾರ್ಯಗುಂಪು ಮಾಡಿತು. ಅದರ ಸದಸ್ಯರೆಲ್ಲ ಸ್ವತಃ ಆ ಕಾಯಿಲೆ ಇರುವವರೇ. ಸರಿಯಾದ ನೆರವು ಇದ್ದರೆ ಇದು ಆಗುವ ಕೆಲಸ.

ಮಲ್ಟಿಪಲ್ ಸ್ಕ್ಲೆರೋಸಿಸ್ (ಮಿದುಳು, ಬೆನ್ನುಹುರಿಯ ನರಗಳ ಹೊದಿಕೆ ಕೆಡುವ ಕಾಯಿಲೆ) ಇರುವವರಿಗೆ ಮೈ ಕಾದರೆ ತೊಂದರೆ ಏರುತ್ತದೆ. ಏಪ್ರಿಲ್ ಮಧ್ಯಾಹ್ನ ಕಲಬುರಗಿಯಲ್ಲಿ ಸಭೆ ಇಡುವ ಮುಂಚೆ ಇದನ್ನು ಯೋಚಿಸಿ.

ಎಲ್ಲರಿಗೂ ಹೊಂದುವ ಕೆಲವು ಮಾತುಗಳಿವೆ. ಒಂದು ಗಂಟೆಗಿಂತ ಉದ್ದ ಬೇಡ, ನಡುವೆ ವಿರಾಮ ಇರಲಿ. ಶೌಚಾಲಯ ಹತ್ತಿರದಲ್ಲಿ, ಅದೇ ಮಹಡಿಯಲ್ಲಿ, ಹಿಡಿಕೆ ಇರುವಂಥದ್ದು ಇರಲಿ. ಮಿದುಳಿನ ಆಯಾಸ ಹೊರಗೆ ಕಾಣುವುದಿಲ್ಲ. ಸಭೆಯಲ್ಲಿ ಚೆನ್ನಾಗಿ ಮಾತಾಡಿದವರು ಮನೆಗೆ ಹೋಗಿ ಎರಡು ದಿನ ಮಲಗಬಹುದು. ಮರುದಿನ ಫೋನ್ ಮಾಡಿ ವಿಚಾರಿಸಿ.

ಹೆಜ್ಜೆ 5: ಭಾಷೆಯನ್ನು ಅವರ ಜೊತೆ ಕೂತು ತಿದ್ದಿ

ಒಪ್ಪಿಗೆ ಪತ್ರಗಳ ಕನ್ನಡ ಬಹಳ ಸಲ ಕನ್ನಡಿಗರಿಗೇ ತಿಳಿಯುವುದಿಲ್ಲ. "ಯಾದೃಚ್ಛಿಕವಾಗಿ ಹಂಚಲಾಗುವುದು" ಎಂದು ಬರೆದರೆ ಯಾರಿಗೆ ಅರ್ಥ ಆಗುತ್ತದೆ? "ಚೀಟಿ ಎತ್ತಿದ ಹಾಗೆ. ಯಾರಿಗೆ ಯಾವ ಮಾತ್ರೆ ಎಂದು ನಾವೂ ಆರಿಸುವುದಿಲ್ಲ, ನೀವೂ ಆರಿಸುವುದಿಲ್ಲ" ಎಂದರೆ ಸಾಕು. ಪ್ಲಸೀಬೊ ಅಂದರೆ "ನೋಡಲು ಹಾಗೇ ಇರುವ, ಔಷಧಿ ಇಲ್ಲದ ಮಾತ್ರೆ". ಧಾರವಾಡದ ಕಡೆಯವರೊಬ್ಬರು, ಮೈಸೂರು ಕಡೆಯವರೊಬ್ಬರು, ಮಂಗಳೂರು ಕಡೆಯವರೊಬ್ಬರು ಓದಿ ಎಲ್ಲೆಲ್ಲಿ ತಡವರಿಸಿದರು ಎಂದು ಗುರುತು ಹಾಕಿಕೊಳ್ಳಿ. ಮನೆಮಾತು ತುಳು, ಉರ್ದು, ಲಂಬಾಣಿ ಇರುವವರನ್ನು ಮರೆಯಬೇಡಿ. ಮಿದುಳಿಗೆ ಪೆಟ್ಟು ಬಿದ್ದ ಮೇಲೆ ಆಮೇಲೆ ಕಲಿತ ಭಾಷೆಗಿಂತ ಮನೆಮಾತು ಸಲೀಸಾಗಿ ಉಳಿಯುವುದು ಹಲವರಲ್ಲಿ ಕಂಡುಬರುತ್ತದೆ.

ನೆನಪಿನ ಪರೀಕ್ಷೆಗಳದ್ದು ಇನ್ನೂ ದೊಡ್ಡ ವಿಷಯ. ಶಾಲೆಗೆ ಹೋಗದವರಿಗೆ "ಒಂದು ವಾಕ್ಯ ಬರೆಯಿರಿ" ಅಂದರೆ ಸೊನ್ನೆ ಅಂಕ ಬರುತ್ತದೆ. ಅದು ಕಾಯಿಲೆಯ ಅಂಕ ಅಲ್ಲ. ಹರಿಯಾಣದ ಬಲ್ಲಭಗಢದಲ್ಲಿ 1990ರ ದಶಕದಲ್ಲಿ ಓದುಬರಹ ಬಾರದ ಹಿರಿಯರಿಗಾಗಿ ಹಿಂದಿಯಲ್ಲಿ ಪರೀಕ್ಷೆ ಮಾಡಿದಾಗ ಅದರ ಬದಲು "ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ" ಎಂದು ಕೇಳಿದರು. ಈಗ ಐಸಿಎಂಆರ್‌ನ ನರ-ಅರಿವಿನ ಪರೀಕ್ಷಾ ಸಾಮಗ್ರಿ ಕನ್ನಡವೂ ಸೇರಿ ಐದು ಭಾರತೀಯ ಭಾಷೆಗಳಲ್ಲಿ ಇದೆ. ಹೊಸ ಪ್ರಶ್ನಾವಳಿ ಮಾಡುವ ಮುಂಚೆ ಇರುವುದನ್ನು ಹುಡುಕಿ. ಮಾಡಲೇಬೇಕಾದರೆ ಜೊತೆಗಾರರ ಮುಂದೆ ಒಂದೊಂದೇ ಪ್ರಶ್ನೆ ಓದಿ, "ಇದನ್ನು ಕೇಳಿದರೆ ನಿಮಗೆ ಏನು ಅನಿಸುತ್ತದೆ?" ಎನ್ನಿ. ಸುಮ್ನೆ ಅರ್ಥ ಆಯಿತಾ ಎಂದರೆ ಎಲ್ಲರೂ ಆಯಿತು ಅನ್ನುತ್ತಾರೆ.

ಹೆಜ್ಜೆ 6: ಉಪಕರಣ, ಆ್ಯಪ್ ಮಾಡುವವರಿಗೆ

ಮಾದರಿಯನ್ನು ಆಫೀಸಿನಲ್ಲಿ ತೋರಿಸಿ ಚಪ್ಪಾಳೆ ಪಡೆಯಬೇಡಿ. ಅವರ ಮನೆಯಲ್ಲಿ, ಅವರ ಅಡುಗೆಮನೆಯಲ್ಲಿ, ಅವರ ಫೋನಿನಲ್ಲಿ ಒಂದು ವಾರ ಬಿಟ್ಟು ನೋಡಿ. ನಡುಗುವ ಬೆರಳಿಗೆ ಪರದೆಯ ಮೇಲೆ ಎಳೆಯುವುದು ಕಷ್ಟ, ಒಂದು ಸಲ ಒತ್ತಿದ್ದು ಮೂರು ಸಲ ಒತ್ತಿದ ಹಾಗೆ ಆಗುತ್ತದೆ. ಒಂದೇ ಕೈ ಕೆಲಸ ಮಾಡುವವರು ಫೋನ್ ಹಿಡಿದುಕೊಂಡೇ ಒತ್ತುವುದು ಹೇಗೆ? ಕೈಪಟ್ಟಿಯ ಕೊಂಡಿಯನ್ನು ಒಂದು ಕೈಯಲ್ಲಿ ಹಾಕಿಕೊಳ್ಳಲು ಆಗುತ್ತದಾ? ಧ್ವನಿಯಿಂದ ನಡೆಯುವ ಆ್ಯಪ್ ಪಾರ್ಕಿನ್ಸನ್ ಇರುವವರ ಮೆಲುದನಿಯನ್ನು, ಸ್ಟ್ರೋಕ್ ಆದವರ ತೊದಲು ಕನ್ನಡವನ್ನು ಗುರುತಿಸುತ್ತದಾ? ಮನೆಯಲ್ಲಿ ಒಂದೇ ಫೋನ್ ಇದ್ದು ಅದು ಹಗಲೆಲ್ಲ ಮಗನ ಜೇಬಿನಲ್ಲಿದ್ದರೆ ನಿಮ್ಮ ಮಾತ್ರೆಯ ಅಲಾರಂ ಯಾರಿಗೆ ಕೇಳಿಸುತ್ತದೆ?

ಡಿಮೆನ್ಷಿಯಾ ಇರುವವರು ದಾರಿ ತಪ್ಪದಂತೆ ಜಿಪಿಎಸ್ ಕೈಪಟ್ಟಿ ಮಾಡುವವರು ಹಲವರಿದ್ದಾರೆ. ಒಳ್ಳೆಯ ಉದ್ದೇಶವೇ. ಆದರೆ ಬೆಲೆಯ ಬಗ್ಗೆ ಮಗನನ್ನು ಕೇಳಿದಷ್ಟೇ ಗಮನ ಕೊಟ್ಟು, ಅದನ್ನು ಕಟ್ಟಿಕೊಳ್ಳುವವರನ್ನು ಕೇಳಿ: ಇದನ್ನು ಯಾರು ನೋಡಬಹುದು, ಯಾವಾಗ ಬಿಚ್ಚಿಡಬಹುದು?

ಜೊತೆಗಾರರು ಹೇಳಿದ್ದರಿಂದ ಏನನ್ನು ಬದಲಿಸಿದಿರಿ, ಏನನ್ನು ಯಾಕೆ ಬದಲಿಸಲಾಗಲಿಲ್ಲ ಎಂದು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಭೆಯನ್ನು ಆ ಪುಟದಿಂದಲೇ ಶುರು ಮಾಡಿ.

ಹೆಜ್ಜೆ 7: ಹಣ ಮತ್ತು ಮರ್ಯಾದೆ

ಜೊತೆಗಾರರ ಸಮಯಕ್ಕೆ ಹಣ ಕೊಡಿ. ಯೋಜನೆ ಬರೆಯುವಾಗಲೇ ಅದಕ್ಕೆ ಬಜೆಟ್‌ನಲ್ಲಿ ಸಾಲು ಇರಲಿ. ಆಟೊ ಬಾಡಿಗೆ, ಜೊತೆಗೆ ಬರುವವರ ಖರ್ಚು, ಅವರಿಬ್ಬರ ಆ ದಿನದ ಕೂಲಿ ಎಲ್ಲ ಸೇರಲಿ. "ಬಿಲ್ ಕೊಡಿ, ಮುಂದಿನ ತಿಂಗಳು ಹಾಕ್ತೀವಿ" ಅನ್ನುವುದು ದಿನಗೂಲಿಯವರಿಗೆ ಸಾಲ ಮಾಡಿಸಿದ ಹಾಗೆ. ಪ್ರಯಾಣದ ಹಣವನ್ನು ಮುಂಚೆಯೇ ಕೊಡಿ. ಸಲಹೆಗೆ ಕೊಡುವ ಗೌರವಧನ ಬೇರೆ. ಅಧ್ಯಯನದಲ್ಲಿ ಭಾಗವಹಿಸಿದ್ದಕ್ಕೆ ಕೊಡುವ ಹಣ ಬೇರೆ. ಎರಡನೆಯದು ಆಮಿಷವಾಗದಂತೆ ಎಥಿಕ್ಸ್ ಕಮಿಟಿ ನೋಡುತ್ತದೆ.

ಶಾಲು ಹೊದಿಸಿ ಫೋಟೊ ತೆಗೆದು ಕಳಿಸುವುದರಿಂದ ಪಾಲುದಾರಿಕೆ ಆಗುವುದಿಲ್ಲ. ಪ್ರಬಂಧದಲ್ಲಿ ಅವರು ಏನು ಮಾಡಿದರು, ಅದರಿಂದ ಏನು ಬದಲಾಯಿತು ಎಂದು ಬರೆಯಿರಿ. ಇದಕ್ಕೆ 2017ರಲ್ಲಿ ಬಂದ ಗ್ರಿಪ್-2 ಎಂಬ ತಪಾಸಣೆ ಪಟ್ಟಿ ನೆರವಾಗುತ್ತದೆ. ಲೇಖಕರ ಸಾಲಿನಲ್ಲಿ ಹೆಸರು ಹಾಕುವಷ್ಟು ಕೆಲಸ ಮಾಡಿದ್ದರೆ ಹಾಕಿ. ಹಾಕುವ ಮುಂಚೆ ಅವರನ್ನು ಕೇಳಿ. ಕಾಯಿಲೆಯ ಹೆಸರಿನ ಪಕ್ಕ ತಮ್ಮ ಹೆಸರು ಬೇಡ ಎನ್ನುವವರೂ ಇರುತ್ತಾರೆ.

ಹೆಜ್ಜೆ 8: ಫಲಿತಾಂಶವನ್ನು ವಾಪಸ್ ಒಯ್ಯಿರಿ

ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ದೊಡ್ಡ ಅಧ್ಯಯನ ನಡೆಸುತ್ತಿದೆ. 45 ವರ್ಷ ದಾಟಿದ 10,000 ಹಳ್ಳಿಗರನ್ನು ವರ್ಷಗಟ್ಟಲೆ ಗಮನಿಸಿ ಮಿದುಳು ಹೇಗೆ ಮುಪ್ಪಾಗುತ್ತದೆ ಎಂದು ತಿಳಿಯುವ ಗುರಿ ಅದಕ್ಕಿದೆ. ಇಂಥ ಕೆಲಸಕ್ಕೆ ಜನ ಮತ್ತೆ ಮತ್ತೆ ಬರಬೇಕು. ನಿಮ್ಹಾನ್ಸ್‌ನಲ್ಲಿ 1995ರಿಂದ ಇರುವ ಮಿದುಳು ಬ್ಯಾಂಕ್‌ಗೆ ತೀರಿಹೋದವರ ಮಿದುಳನ್ನು ಕೊಡಲು ಮನೆಯವರು ದುಃಖದ ನಡುವೆಯೇ ಒಪ್ಪುತ್ತಾರೆ. ಜನ ಇಷ್ಟು ಕೊಡುವಾಗ ಏನು ಗೊತ್ತಾಯಿತು ಎಂದು ಅವರಿಗೆ ತಿಳಿಸುವುದು ಸಂಶೋಧಕರ ಕೆಲಸ.

ಎರಡು ಪುಟದ ಕನ್ನಡ ವರದಿ ಮಾಡಿ, ಅಕ್ಷರ ದೊಡ್ಡದಿರಲಿ. ಓದಲಾಗದವರಿಗೆ ವಾಟ್ಸಾಪ್‌ನಲ್ಲಿ ಐದು ನಿಮಿಷದ ಧ್ವನಿ ಕಳಿಸಿ. ಹಳ್ಳಿಯಲ್ಲಿ ಸಭೆ ಮಾಡುವುದಾದರೆ ಯಾರ ಕಾಯಿಲೆಯೂ ಬಯಲಾಗದ ಹಾಗೆ ಮಾತಾಡಿ. ಫಲಿತಾಂಶ ನಿರಾಸೆ ತರುವಂಥದ್ದಾದರೂ ಹೇಳಿ. "ಈ ಮಾತ್ರೆಯಿಂದ ಉಪಯೋಗ ಆಗಲಿಲ್ಲ ಎಂದು ನಿಮ್ಮಿಂದ ತಿಳಿಯಿತು" ಎನ್ನುವುದೂ ಒಂದು ಫಲಿತಾಂಶವೇ. ನಮ್ಮ ಮನೆಗೆ ಬಂದಿದ್ದ ಆ ಅಧ್ಯಯನದಿಂದ ಒಂದು ಸಾಲೂ ವಾಪಸ್ ಬರಲಿಲ್ಲ. ಅಪ್ಪ ಎರಡು ಮೂರು ಸಲ ಬಾಗಿಲ ಕಡೆ ಕೈ ತೋರಿಸಿ, ಬರೆಯುವ ಹಾಗೆ ಬೆರಳಾಡಿಸಿ ಕೇಳಿದರು. ನನ್ನ ಹತ್ತಿರ ಹೇಳಲು ಏನೂ ಇರಲಿಲ್ಲ.

ಹೆಜ್ಜೆ 9: ಕಾಯಿಲೆ ಮುಂದುವರಿದಾಗ

ಪಾರ್ಕಿನ್ಸನ್, ಡಿಮೆನ್ಷಿಯಾದಂಥ ಕಾಯಿಲೆಗಳು ನಿಲ್ಲುವುದಿಲ್ಲ. ಮೂರು ವರ್ಷದ ಯೋಜನೆಯ ಮೊದಲ ವರ್ಷ ಚುರುಕಾಗಿ ಮಾತಾಡಿದವರು ಮೂರನೇ ವರ್ಷ ಬರಲಾರದೆ ಹೋಗಬಹುದು. ಇದನ್ನು ಶುರುವಿನಲ್ಲೇ ಮಾತಾಡಿಕೊಳ್ಳಿ: ಸಭೆ ಕಷ್ಟ ಅನಿಸಿದರೆ ಹೇಗೆ ತಿಳಿಸುತ್ತೀರಿ, ಮನೆಗೆ ಬಂದು ಮಾತಾಡಲೇ, ನಿಮ್ಮ ಜಾಗದಲ್ಲಿ ಯಾರು ಬರಬೇಕು, ನೀವು ಈವರೆಗೆ ಹೇಳಿದ್ದನ್ನು ಮುಂದೆಯೂ ಬಳಸಬಹುದೇ. ಉತ್ತರವನ್ನು ಬರೆದು ಅವರ ಹತ್ತಿರವೂ ಒಂದು ಪ್ರತಿ ಇಡಿ.

ಬರುವುದನ್ನು ನಿಲ್ಲಿಸಿದವರ ಹೆಸರನ್ನು ಪಟ್ಟಿಯಿಂದ ಸದ್ದಿಲ್ಲದೆ ತೆಗೆಯಬೇಡಿ. ಮನೆಗೆ ಒಮ್ಮೆ ಹೋಗಿ ಬನ್ನಿ. ಅವರು ಗುರುತು ಹಿಡಿಯದಿದ್ದರೂ ಹೋಗಿ. ಹೋಗುವಾಗ ಅಚ್ಚಾದ ಕನ್ನಡ ವರದಿಯನ್ನು ತೆಗೆದುಕೊಂಡು ಹೋಗಿ, ಅವರು ಹೇಳಿದ್ದರಿಂದ ಬದಲಾದ ಪುಟವನ್ನು ಮನೆಯವರ ಮುಂದೆ ಓದಿ ತೋರಿಸಿ.